ಕೆರೆಯ ಮೂರು ಬಾಯಿಗಳು: ದಕ್ಷಿಣ ಬೆಂಗಳೂರಿನ ಕಾಲುವೆ, ತೂಬು, ಕೋಡಿಗಳ ಸ್ಥಾನವಿಚಾರ

ಬೆಂಗಳೂರಿನ ಕೆರೆಗಳ ವಿಷಯವಾಗಿ ಬರೆದವರು ಸಾಮಾನ್ಯವಾಗಿ ಅವುಗಳ ಸಂಖ್ಯೆಯನ್ನೂ ವಿಸ್ತಾರವನ್ನೂ ಕಟ್ಟಿಸಿದವರ ಹೆಸರುಗಳನ್ನೂ ಹೇಳಿ ವಿರಮಿಸುತ್ತಾರೆ. ನೀರು ಯಾವ ಕಡೆಯಿಂದ ಕೆರೆಯನ್ನು ಹೊಗುತ್ತಿತ್ತು, ಯಾವ ಎಡೆಯಿಂದ ಹೊರಡುತ್ತಿತ್ತು, ಆ ಎಡೆಗಳನ್ನೇ ಏತಕ್ಕಾಗಿ ಆರಿಸಿದರು ಎಂಬ ಪ್ರಶ್ನೆಗಳು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಕೆರೆಯ ಆಯುಸ್ಸು ಅದರ ವಿಸ್ತಾರಕ್ಕಿಂತ ಹೆಚ್ಚಾಗಿ ಈ ಬಾಯಿಗಳ ಸ್ಥಾನವನ್ನು ಅವಲಂಬಿಸಿದೆ ಎಂಬುದು ನಮ್ಮ ಅಭಿಪ್ರಾಯ. ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳ ಸುತ್ತಣ ಪ್ರದೇಶವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸುತ್ತೇವೆ.

ಬೆಂಗಳೂರು ನದೀತೀರದ ಊರಲ್ಲ. ಎತ್ತರದ ದಿಣ್ಣೆಯ ಮೇಲಿರುವ ಈ ಊರಿನ ಮಳೆನೀರು ಹಲವು ದಿಕ್ಕಿಗೆ ಇಳಿದುಹೋಗುತ್ತದೆ. ಪಡುವಣ ಇಳಿಜಾರಿನದು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಮಡಿವಾಳದ ಕಡೆಯ ನೀರಾದರೋ ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಈ ಇಳಿಜಾರುಗಳಿಗೆ ಅಡ್ಡವಾಗಿ ಒಂದರ ಕೆಳಗೊಂದರಂತೆ ಏರಿಗಳನ್ನು ಹಾಕಿದುದರಿಂದ ಕೆರೆಗಳ ಸರಪಣಿಯುಂಟಾಯಿತು. ಮೇಲಣ ಕೆರೆಯ ಕೋಡಿಯೇ ಕೆಳಗಣ ಕೆರೆಯ ಒಳಬಾಯಿಗೆ ಮೂಲ. ಆದುದರಿಂದ ಒಂದು ಊರಿನವರು ಕೋಡಿಯನ್ನು ಎಲ್ಲಿಟ್ಟರೆಂಬುದು ಮುಂದಿನ ಊರಿನವರ ಬೆಳೆಯ ಪ್ರಶ್ನೆಯೂ ಆಗಿತ್ತು.

ಈ ವಿಷಯದಲ್ಲಿ ನಮಗೆ ದೊರೆಯುವ ಬಹು ಹಳೆಯ ಸ್ಥಳೀಯ ಆಧಾರವೆಂದರೆ ಅಗರದ ಶಾಸನ. ಇದರ ಕಾಲ ಸುಮಾರು ಕ್ರಿ. ಶ. ೮೭೦. ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಆಳ್ವಿಕೆಯಲ್ಲಿ ಇರ್ವುಳಿಯೂರನ್ನು, ಎಂದರೆ ಇಂದಿನ ಇಬ್ಬಲೂರನ್ನು, ಆಳುತ್ತಿದ್ದ ಇರುಗಮಯ್ಯನ ಮಗ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದು ತಿಳಿಸುತ್ತದೆ. ಬಿತ್ತುವಟ್ಟವೆಂದರೆ ಕೆರೆಯ ನೀರಿನಿಂದ ಸಾಗುವ ಭೂಮಿಯಲ್ಲಿ ಕೆರೆಯ ಕಾರ್ಯಕ್ಕಾಗಿ ಬಿಟ್ಟುಕೊಡುತ್ತಿದ್ದ ಪಾಲು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಿರಿಮಯ್ಯನು ಹೊಸದಾಗಿ ಕಟ್ಟಿಸಿದ್ದು ಒಂದೇ ಕೆರೆ. ಉಳಿದೆರಡಕ್ಕೆ ಆತ ಇಡಿಸಿದ್ದು ತೂಬು ಮಾತ್ರ. ಆದರೂ ಪ್ರತಿಫಲ ಮೂರಕ್ಕೂ ದೊರೆಯಿತು. ನೀರನ್ನು ತಡೆದು ನಿಲ್ಲಿಸುವುದು ಎಷ್ಟು ದೊಡ್ಡ ಕಾರ್ಯವೋ, ಅದು ಹೊರಡುವ ದಾರಿಯನ್ನು ಸರಿಯಾದ ಎಡೆಯಲ್ಲಿ ಇಡುವುದೂ ಅಷ್ಟೇ ದೊಡ್ಡದೆಂದು ಆ ಕಾಲದವರು ಎಣಿಸಿದ್ದರೆಂದು ಇದರಿಂದ ಊಹಿಸಬಹುದು. ತೂಬಿಲ್ಲದ ಕೆರೆಯಿಂದ ದನಕರುಗಳಿಗೆ ನೀರುಂಟು, ಗದ್ದೆಗಿಲ್ಲ.

ಇನ್ನು ಈ ಬಾಯಿಗಳ ಸ್ಥಾನವನ್ನು ಒಂದೊಂದಾಗಿ ನೋಡೋಣ. ಕಾಲುವೆಯು ಕೆರೆಯನ್ನು ಸೇರುವುದು ಏರಿಗೆ ಎದುರಾದ ಆಳವಿಲ್ಲದ ಅಂಗಳದಲ್ಲಿ. ಹರಿದು ಬಂದ ನೀರು ಅಲ್ಲಿ ಹರಡಿ ವೇಗವನ್ನು ಕಳೆದುಕೊಳ್ಳುತ್ತದೆ. ಮರಳೂ ಮಣ್ಣೂ ಅಲ್ಲಿಯೇ ತಂಗುತ್ತವೆ. ಬೇಸಗೆಯಲ್ಲಿ ಅಂಗಳ ಒಣಗಿದಾಗ ರೈತರು ಆ ಗೋಡನ್ನು ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿದ್ದರು. ತೂಬು ಇರುವುದು ಇದಕ್ಕೆ ದೂರವಾಗಿ, ಏರಿಯ ಬುಡದಲ್ಲಿ, ನೀರು ಆಳವಾಗಿ ನಿಲ್ಲುವ ಎಡೆಯಲ್ಲಿ. ಎರಡು ಕಲ್ಲುಕಂಬಗಳ ನಡುವೆ ಅಡ್ಡಗಲ್ಲುಗಳು, ಅವುಗಳ ರಂಧ್ರದಲ್ಲಿ ಇಳಿಬಿಟ್ಟ ಗಳು, ಬುಡದಲ್ಲಿ ಅದರ ಬಿರಡೆಯಿಂದ ಮುಚ್ಚಿಕೊಳ್ಳುವ ಕಂಡಿ, ಅಲ್ಲಿಂದ ಏರಿಯ ಅಡಿಯಲ್ಲಿ ಹಾಯುವ ಕಲ್ಲಿನ ನಾಳ: ಇದಿಷ್ಟು ಅದರ ರಚನೆ. ಅದನ್ನು ಎತ್ತಿ ಇಳಿಸುವ ಅಧಿಕಾರ ನೀರುಗಂಟಿಯದು. ಕೋಡಿಯಾದರೋ ಏರಿಯ ತುದಿಯಲ್ಲಿ, ಗಟ್ಟಿನೆಲ ಅಥವಾ ಬಂಡೆಯಿರುವಲ್ಲಿ, ಏರಿಯ ನೆತ್ತಿಗಿಂತ ತಗ್ಗಾಗಿ ಇರುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಏರಿ ಕೊಚ್ಚಿಹೋಗುವುದು ನಿಶ್ಚಯ. ಹೆಚ್ಚಾದ ನೀರಿಗೆ ಗಟ್ಟಿನೆಲದ ಮೇಲೆ ದಾರಿ ಬಿಟ್ಟುದು ಈ ಕಾರಣದಿಂದಲೇ.

ಇದೇ ತತ್ತ್ವವನ್ನು ಇಂದು ಮನೆಗಳಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿಯೂ ಕಾಣಬಹುದು. ಶೋಧಕ ಯಂತ್ರವು ನೀರನ್ನು ಹೀರುವ ಕೊಳವೆಯನ್ನೂ ಹಿಂದಿರುಗಿಸುವ ಕೊಳವೆಯನ್ನೂ ಒತ್ತೊತ್ತಾಗಿ ಇಟ್ಟರೆ, ಶುದ್ಧವಾದ ನೀರನ್ನೇ ಯಂತ್ರವು ಮತ್ತೆ ಹೀರುತ್ತದೆ. ಆಚೆಯ ಮೂಲೆಯಲ್ಲಿ ನೀರು ಅಲುಗದೆ ಕಸ ತಂಗುತ್ತದೆ. ಒಂದನ್ನು ಈ ತುದಿಗೂ ಇನ್ನೊಂದನ್ನು ಆ ತುದಿಗೂ ಇಟ್ಟರೆ ತೊಟ್ಟಿಯ ನೀರೆಲ್ಲವೂ ಸುತ್ತಿಬರುತ್ತದೆ. ತೊಟ್ಟಿಯಲ್ಲಿ ಸುತ್ತುವುದು ಅದೇ ನೀರು; ಕೆರೆಯಲ್ಲಿ ಹಾಯ್ದುಹೋಗುವುದು ಹೊಸ ನೀರು. ಭೇದ ಇಷ್ಟೇ, ಬಾಯಿಗಳ ನಡುವಣ ದೂರದ ಪ್ರಯೋಜನ ಎರಡೆಡೆಯಲ್ಲಿಯೂ ಒಂದೇ.

ಇಂತಹ ತಿಳಿವಳಿಕೆ ಕ್ರಮವಾಗಿ ಶಾಸ್ತ್ರದ ರೂಪವನ್ನು ಪಡೆಯಿತು. ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ದೋಷಗಳಲ್ಲೊಂದು. ನೀರು ಅಲ್ಪವಾಗಿದ್ದು ನೆಲ ವಿಸ್ತಾರವಾಗಿರುವುದು, ನೆಲ ಅಲ್ಪವಾಗಿದ್ದು ನೀರು ಅತಿಯಾಗುವುದು, ಇವೆರಡೂ ಆ ಎಣಿಕೆಯಲ್ಲಿ ಸೇರಿವೆ. ಬರುವ ನೀರಿಗೂ ಅದಕ್ಕೆ ದೊರೆಯುವ ನೆಲಕ್ಕೂ ಹೊಂದಿಕೆಯಿರಬೇಕೆಂಬುದೇ ಇದರ ತಾತ್ಪರ್ಯ.

ಆಧುನಿಕ ಕಾಲದಲ್ಲಿ ಈ ಹೊಂದಿಕೆ ತಪ್ಪಿತು. ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದಲೂ, ೧೯೩೦ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, ೧೯೭೪ರಿಂದ ಕಾವೇರಿಯಿಂದಲೂ ನಗರಕ್ಕೆ ಕೊಳವೆನೀರು ಬಂದಿತು. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದ ತರುವಾಯ ದಕ್ಷಿಣದ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳಾದುವು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರುಗಳು ಬಿ. ಟಿ. ಎಂ. ಎಂಬ ಮೂರಕ್ಷರಗಳಲ್ಲಿ ಅಡಗಿವೆ. ಅಚ್ಚುಕಟ್ಟು ನಿವೇಶನವಾದ ಮೇಲೆ ತೂಬಿಗೆ ಕೆಲಸವಿಲ್ಲ, ನೀರುಗಂಟಿಗೆ ಪದವಿಯಿಲ್ಲ. ತೂಬು ಮುಚ್ಚಿದ ಮೇಲೆ ತಳದ ನೀರು ಹೊರಡುವ ಮಾರ್ಗವೂ ನಿಂತಿತು. ಕೋಡಿಯಿಂದ ಹೋಗುವುದು ಮೇಲಿನ ನೀರು ಮಾತ್ರ. ಅದೇ ಸಮಯದಲ್ಲಿ ಒಳಬಾಯಿಯಲ್ಲಿ ಮಳೆನೀರಿನ ಜೊತೆಗೆ ಮೋರಿಯ ನೀರು ಬರತೊಡಗಿತು. ಬಂದ ಕೊಳೆ ತಳದಲ್ಲಿ ಉಳಿಯಿತು. ಉಳಿದುದು ಸರಪಣಿಯ ಕೆಳಗೆ ಸಾಗಿತು. ಆ ಸರಪಣಿಯ ಕೆಳಭಾಗದಲ್ಲಿರುವ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಬೆಂಕಿ ಕಾಣಿಸಿಕೊಂಡುದನ್ನು ಜಗತ್ತೇ ನೋಡಿತು.

ಕೆರೆಗಳನ್ನು ಒಡೆಯದೆ ಉಳಿಸಿಕೊಳ್ಳಬೇಕೆಂದು ಲಕ್ಷ್ಮಣರಾವ್ ಸಮಿತಿಯು ೧೯೮೬ರಲ್ಲಿ ಸಲಹೆ ಮಾಡಿತ್ತು. ಆದರೆ ಅಂಗಳವನ್ನು ಉಳಿಸಿದ ಮಾತ್ರಕ್ಕೆ ಕೆರೆ ಉಳಿಯದು. ೨೦೧೯ರ ನವೆಂಬರ್ ೨೪ರಂದು ಹುಳಿಮಾವು ಕೆರೆಯ ಏರಿ ಒಡೆದು, ತಗ್ಗಿನ ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದುದೇ ಇದಕ್ಕೆ ಕಾರಣವೆಂದು ಅಂದು ವರದಿಯಾಯಿತು. ನೀರಿಗೆ ದಾರಿ ಬಿಡತಕ್ಕುದು ಏರಿಯ ತುದಿಯ ಗಟ್ಟಿನೆಲದಲ್ಲಿಯೇ ಹೊರತು ಮಣ್ಣಿನ ಮೈಯಲ್ಲಲ್ಲ ಎಂಬ ಹಿಂದಿನವರ ನಿಯಮ ಅಂದು ಮತ್ತೆ ನೆನಪಿಗೆ ಬರಬೇಕಾಯಿತು.

ಈಚೆಗೆ ಕೆಲವು ಕೆರೆಗಳನ್ನು ಜೀರ್ಣೋದ್ಧಾರ ಮಾಡುವಾಗ ಒಳಬಾಯಿಯಲ್ಲಿ ಹೂಳು ತಂಗುವ ಗುಂಡಿಯನ್ನೂ ಜೊಂಡು ಬೆಳೆಯುವ ಜೌಗುನೆಲವನ್ನೂ ಏರ್ಪಡಿಸುತ್ತಿದ್ದಾರೆ. ಇದು ಹಳೆಯ ಅಂಗಳದ ಕಾರ್ಯವನ್ನೇ ಹೊಸದಾಗಿ ಮಾಡುವುದಾದುದರಿಂದ ಸ್ವಾಗತಾರ್ಹ. ಆದರೆ ಮೋರಿಯ ನೀರನ್ನು ತಪ್ಪಿಸುವ ಆತುರದಲ್ಲಿ ಕಾಲುವೆಯನ್ನೇ ಮುಚ್ಚಿ, ಸುತ್ತಲೂ ನಡೆದಾಡುವ ಹಾದಿಯನ್ನು ಮಾಡಿದರೆ ಮಳೆನೀರಿಗೂ ಪ್ರವೇಶವಿಲ್ಲದಂತಾಗುತ್ತದೆ. ಆದುದರಿಂದ ಇನ್ನು ಮುಂದೆ ಯಾವುದೇ ಕೆರೆಯ ಚರಿತ್ರೆಯನ್ನು ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಅದರ ವಿಸ್ತಾರವನ್ನು ಬರೆದುಕೊಳ್ಳುವ ಮುನ್ನ ಕಾಲುವೆ, ತೂಬು, ಕೋಡಿಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಬೇಕೆಂದು ಸೂಚಿಸುತ್ತೇವೆ. ತೂಬುಗಳ ಕಲ್ಲುಕಂಬಗಳು ಕೆಲವೆಡೆ ಇನ್ನೂ ನಿಂತಿರುವಾಗಲೇ ಈ ಕಾರ್ಯ ನಡೆಯುವುದು ಅವಶ್ಯಕ.