ಅರೆತಲೆನೋವು: ನಮ್ಮ ಸೀಮೆಯ ಮದ್ದಿನ ಪರಂಪರೆ

ಅರಸರ ಯುದ್ಧಗಳಿಗೂ ದೇವಾಲಯಗಳ ನಿರ್ಮಾಣಕ್ಕೂ ಚರಿತ್ರೆಯ ಪುಟಗಳಲ್ಲಿ ಸ್ಥಾನ ದೊರೆತಿದೆ. ಜನಸಾಮಾನ್ಯರ ನೋವಿಗೂ, ಅದನ್ನು ಶಮನಗೊಳಿಸಲು ಅವರು ಕಂಡುಕೊಂಡ ಉಪಾಯಗಳಿಗೂ ಒಂದು ಚರಿತ್ರೆಯುಂಟು. ಅದು ಶಿಲೆಗಳಲ್ಲಿ ಕಡಿಮೆ, ಅಡಿಗೆಮನೆಗಳಲ್ಲಿ ಹೆಚ್ಚು. ತಲೆನೋವಿನ ಮದ್ದಿನ ಕಥೆ ಅಂಥದು. ಸೇಲಂ, ಧರ್ಮಪುರಿ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಆ ಕಥೆ ಎರಡು ಭಾಷೆಗಳಲ್ಲಿ ದೊರೆಯುತ್ತದೆ.

ಈ ನೆಲಕ್ಕೂ ಮದ್ದಿಗೂ ಇರುವ ನಂಟು ಪ್ರಾಚೀನವಾದುದು. ಇಂದಿನ ಧರ್ಮಪುರಿ ಸಂಗಂ ಕಾಲದಲ್ಲಿ ತಗಡೂರು ಎನಿಸಿತ್ತು. ಅದನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯು ಆಯುಷ್ಯವನ್ನು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್ ಅವರಿಗೆ ಕೊಟ್ಟ ಸಂಗತಿ ತಮಿಳು ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಮುಂದೆ ಈ ಊರು ನೊಳಂಬರ ಆಳ್ವಿಕೆಗೆ ಬಂದಿತು. ಕ್ರಿ.ಶ. 893ರ ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನವು ತಗಡೂರಿನ ಜೈನ ಬಸದಿಗೆ ನೀಡಿದ ದತ್ತಿಯನ್ನು ಹೇಳುತ್ತದೆ. ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಸೇರಿಸಿ ಚತುರ್ವಿಧ ದಾನವೆಂದು ಎಣಿಸಿದವರು ಜೈನರು. ಮದ್ದು ಕೊಡುವುದು ಧರ್ಮಕಾರ್ಯವೆಂಬ ಭಾವನೆ ಇಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು.

ಕನ್ನಡದಲ್ಲಿ ವೈದ್ಯಗ್ರಂಥಗಳು ಹುಟ್ಟಿದುದೂ ಬಹುಮಟ್ಟಿಗೆ ಈ ಪರಂಪರೆಯಿಂದಲೇ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದನು. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಬೇಸಾಯ, ಅಡಿಗೆ, ಸುಗಂಧದ್ರವ್ಯಗಳ ಜೊತೆಗೆ ವೈದ್ಯವನ್ನೂ ಸೇರಿಸಿದನು. ಹನ್ನೆರಡನೆಯ ಶತಮಾನದಲ್ಲಿ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ವೈದ್ಯವಿದ್ಯೆ ಮನೆಮಾತಿನಲ್ಲಿ ದೊರೆತರೆ ಮಾತ್ರ ಲೋಕಕ್ಕೆ ಉಪಕಾರವೆಂಬ ತಿಳಿವಳಿಕೆ ಈ ಕೃತಿಗಳ ಹಿಂದೆ ಇದೆ.

ನಮ್ಮ ಪ್ರಾಚೀನ ವೈದ್ಯರು ತಲೆನೋವನ್ನು ಒಂದೇ ರೋಗವೆಂದು ಎಣಿಸಲಿಲ್ಲ. ಸುಶ್ರುತ ಸಂಹಿತೆ ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳುತ್ತದೆ. ಸೂರ್ಯೋದಯದೊಡನೆ ಆರಂಭವಾಗಿ, ಹೊತ್ತು ಏರಿದಂತೆ ಏರಿ, ಇಳಿದಂತೆ ಇಳಿಯುವುದು ಸೂರ್ಯಾವರ್ತ. ತಲೆಯ ಅರ್ಧಭಾಗವನ್ನು ಹಿಡಿದು, ಚುಚ್ಚಿ ಸೀಳಿದಂತೆ ಬಾಧಿಸಿ, ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಅಥವಾ ಅಕಸ್ಮಾತ್ತಾಗಿಯೋ ಮರಳಿ ಬರುವುದು ಅರ್ಧಾವಭೇದಕ. ಇಂದಿನ ವೈದ್ಯರು ಮೈಗ್ರೇನ್ ಎನ್ನುವ ಅರೆತಲೆನೋವಿನ ಲಕ್ಷಣಗಳನ್ನು ಇದು ಬಹಳಮಟ್ಟಿಗೆ ಹೋಲುತ್ತದೆ. ರಾತ್ರಿ ಜಾಗರಣೆ, ಹಗಲು ನಿದ್ರೆ, ಒಗ್ಗದ ವಾಸನೆ, ಗಟ್ಟಿಯಾಗಿ ಮಾತನಾಡುವುದು, ಅಳು, ಮಲಮೂತ್ರಗಳ ವೇಗವನ್ನು ತಡೆಯುವುದು ಇವೆಲ್ಲ ತಲೆನೋವಿಗೆ ಕಾರಣವೆಂದು ಚರಕ ಸಂಹಿತೆ ಹೇಳಿದೆ. ನಿದ್ರೆಯ ಏರುಪೇರು, ತೀಕ್ಷ್ಣವಾದ ವಾಸನೆಗಳು ಇಂದಿನ ವೈದ್ಯರ ಪಟ್ಟಿಯಲ್ಲಿಯೂ ಇವೆ. ‘ಯಾವ ಮದ್ದು’ ಎಂದು ಕೇಳುವ ಮೊದಲು ‘ಯಾವ ತಲೆನೋವು’ ಎಂದು ಕೇಳುವುದೇ ಈ ಪರಂಪರೆಯ ಸಾರ.

ಈ ವಿವೇಕವು ನಮ್ಮ ಮನೆಗಳಿಗೂ ಇಳಿದು ಬಂದಿದೆ. ಬಾರಾಮಹಲ್ ಎನಿಸಿದ್ದ ಈ ಪ್ರದೇಶವನ್ನು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಆಡಳಿತ ಬದಲಾಯಿತು, 1965ರಲ್ಲಿ ಸೇಲಂನಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆಯಾದವು. ಹಿತ್ತಲಿನ ಗಿಡ ಮಾತ್ರ ಬದಲಾಗಲಿಲ್ಲ. ನಾವು ಲಕ್ಕಿ ಎನ್ನುವ ಸೊಪ್ಪನ್ನು ನೆರೆಮನೆಯವರು ನೊಚ್ಚಿ ಎನ್ನುತ್ತಾರೆ. ನಮ್ಮ ಒಣಶುಂಠಿ ಅವರಿಗೆ ಸುಕ್ಕು. ನಮ್ಮ ತುಂಬೆ ಅವರ ತುಂಬೈ. ನೆಗಡಿಯಿಂದ ತಲೆ ಭಾರವಾದರೆ ಲಕ್ಕಿ ಸೊಪ್ಪಿನ ಹಬೆ, ಅದೇ ಸೊಪ್ಪು ತುಂಬಿದ ದಿಂಬು. ತಂಪಿನಿಂದ ಬಂದ ನೋವಿಗೆ ಹಣೆಗೆ ಶುಂಠಿಯ ಪಟ್ಟು. ಬಿಸಿಲಿನಿಂದ ಬಂದುದಕ್ಕೆ ತೇದ ಶ್ರೀಗಂಧ. ನಿದ್ರೆಗೆಟ್ಟವರಿಗೆ ನೆತ್ತಿಗೆ ಎಣ್ಣೆ. ಪಟ್ಟು ಹಾಕುವ ಮೊದಲು ‘ರಾತ್ರಿ ಮಲಗಿದೆಯಾ? ಬಿಸಿಲಲ್ಲಿ ತಿರುಗಿದೆಯಾ?’ ಎಂದು ಅಜ್ಜಿಯರು ಕೇಳುತ್ತಿದ್ದುದು ಸುಮ್ಮನೆ ಅಲ್ಲ. ಸೇಲಂನಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮನೆಗಳುಂಟು. ದಿನವಿಡೀ ಮಗ್ಗದ ಮುಂದೆ ಕತ್ತು ಬಾಗಿಸಿ ಕುಳಿತವರ ತಲೆನೋವಿಗೆ ಮೂಲ ಕತ್ತಿನಲ್ಲಿರಬಹುದು. ಅದಕ್ಕೆ ಶುಂಠಿಗಿಂತ ವಿಶ್ರಾಂತಿ ಮೇಲು.

ಅಡಿಗೆಮನೆಯ ಮದ್ದು ಅಂಗಡಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರು ಮುಂಬಯಿಯಲ್ಲಿ ಅಮೃತಾಂಜನವನ್ನು ಆರಂಭಿಸಿದರು. ಆ ಸಂಸ್ಥೆ ಮುಂದೆ ಮದರಾಸಿಗೆ ಬಂದಿತು. ಅಂದಿನಿಂದ ‘ಯಾವ ತಲೆನೋವು’ ಎಂಬ ಪ್ರಶ್ನೆ ಹಿಂದೆ ಸರಿದು, ಎಲ್ಲಕ್ಕೂ ಒಂದೇ ಡಬ್ಬಿ ಎಂಬ ಅಭ್ಯಾಸ ಬೆಳೆಯಿತು.

ಇತ್ತೀಚಿನ ವಿಜ್ಞಾನವು ನಿಸರ್ಗದತ್ತ ಪೋಷಕಾಂಶಗಳನ್ನು ಪರೀಕ್ಷಿಸಿ ನೋಡಿದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 400 ಮಿಲಿಗ್ರಾಂ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವವನ್ನು ಮೂರು ತಿಂಗಳು ಸೇವಿಸಿದವರಲ್ಲಿ ಮೈಗ್ರೇನ್ ಬರುವುದು ಕಡಿಮೆಯಾಯಿತು. 2014ರಲ್ಲಿ ಇರಾನಿನ ಸಂಶೋಧಕರು ನೂರು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಶುಂಠಿಯ ಪುಡಿಯು ಸುಮಾಟ್ರಿಪ್ಟಾನ್ ಮಾತ್ರೆಯಷ್ಟೇ ಉಪಶಮನ ನೀಡಿತು. ಮೆಗ್ನೀಸಿಯಂ ಸಹ ಕೆಲವರಲ್ಲಿ ಅರೆತಲೆನೋವನ್ನು ತಡೆಯಲು ನೆರವಾಗುತ್ತದೆ. ಸೇಲಂನ ಬಿಳಿಗುಡ್ಡಗಳಲ್ಲಿ ಅಗೆಯುವ ಮ್ಯಾಗ್ನಸೈಟ್ ಇದೇ ಧಾತುವಿನ ಅದಿರು. ಆ ಕಲ್ಲು ಕಾರ್ಖಾನೆಗೆ ಸಲ್ಲುವಂಥದು. ನಮ್ಮ ದೇಹಕ್ಕೆ ಬೇಕಾದುದು ನಮ್ಮ ರಾಗಿಯಲ್ಲಿಯೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಉಂಟು. ಎಳ್ಳು, ಸೊಪ್ಪು, ಕಾಳುಗಳಲ್ಲಿಯೂ ಅದು ದೊರೆಯುತ್ತದೆ.

ನೈಸರ್ಗಿಕವಾದುದೆಲ್ಲ ನಿರಪಾಯಕರವಲ್ಲ. ಯುರೋಪಿನ ಬಟರ್‌ಬರ್ ಎಂಬ ಗಿಡದ ಬೇರಿನ ಸಾರವನ್ನು ಅಮೆರಿಕದ ನರರೋಗ ತಜ್ಞರ ಅಕಾಡೆಮಿಯು 2012ರಲ್ಲಿ ಮೈಗ್ರೇನಿಗೆ ಶಿಫಾರಸು ಮಾಡಿ, ಯಕೃತ್ತಿಗೆ ಹಾನಿಯಾಗುವ ಭಯದಿಂದ 2015ರಲ್ಲಿ ಹಿಂತೆಗೆದುಕೊಂಡಿತು. ಮೂತ್ರಪಿಂಡದ ಕಾಯಿಲೆಯುಳ್ಳವರು ಮೆಗ್ನೀಸಿಯಂ ಮಾತ್ರೆಯನ್ನು ತಾವಾಗಿಯೇ ಸೇವಿಸಬಾರದು. ಗರ್ಭಿಣಿಯರು ಯಾವ ಮಾತ್ರೆಗೂ ವೈದ್ಯರ ಸಲಹೆ ಪಡೆಯಬೇಕು. ನೋವಿನ ಗುಳಿಗೆಗಳನ್ನು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಾ ಬಂದರೆ ಆ ಗುಳಿಗೆಯೇ ತಲೆನೋವನ್ನು ತರುತ್ತದೆ. ಸಿಡಿಲು ಬಡಿದಂತೆ ಹಠಾತ್ತನೆ ಬರುವ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತು ದಾಟಿದ ಬಳಿಕ ಹೊಸದಾಗಿ ಆರಂಭವಾಗುವ ನೋವು ಇವು ಮನೆಮದ್ದಿಗೆ ಕಾಯುವಂಥವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅರೆತಲೆನೋವು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಬಾಧಿಸುತ್ತದೆ. ನಮ್ಮ ಮನೆಗಳಲ್ಲಿ ಹಣೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ನಿಂತ ತಾಯಂದಿರನ್ನು ‘ಬರೀ ತಲೆನೋವು ತಾನೇ’ ಎಂದು ಕಡೆಗಣಿಸಿದವರು ಕಡಿಮೆಯಿಲ್ಲ. ಆ ತಾಯಂದಿರಲ್ಲಿಯೇ ಉಳಿದಿರುವ ಮದ್ದಿನ ಅರಿವನ್ನು, ಕನ್ನಡ ಓದಲು ಬಾರದ ಮೊಮ್ಮಕ್ಕಳ ತಲೆಮಾರು ಬೆಳೆಯುತ್ತಿರುವ ಈ ಹೊತ್ತಿನಲ್ಲಿ, ಬರೆದಿಡುವವರಾರು? ಸಂಘದ ಪ್ರತಿಯೊಂದು ಕುಟುಂಬವೂ ಮನೆಯ ಹಿರಿಯರನ್ನು ಕೇಳಿ, ಗಿಡದ ಕನ್ನಡ ಹೆಸರು, ತಮಿಳು ಹೆಸರು, ಯಾವ ನೋವಿಗೆ, ಎಷ್ಟು ಪ್ರಮಾಣ ಎಂಬುದನ್ನು ಒಂದೊಂದು ಹಾಳೆಯಲ್ಲಿ ಬರೆದು ತಂದರೆ, ಅದು ಈ ಸೀಮೆಯ ಕನ್ನಡಿಗರ ‘ಲೋಕೋಪಕಾರ’ವಾದೀತು. ಅದನ್ನು ವೈದ್ಯರೊಬ್ಬರು ಪರಿಶೀಲಿಸಿ ಕೊಟ್ಟರೆ ಮುಂದಿನ ಪೀಳಿಗೆಗೆ ಭಾಷೆಯೂ ಆರೋಗ್ಯವೂ ಒಟ್ಟಿಗೆ ದಕ್ಕುತ್ತವೆ.