ಪಾಜ್ ಮಾಡಿಟ್ಟರೆ ವಿಡಿಯೋ ಪೂರ್ತಿ ಲೋಡ್ ಆಗುತ್ತದೆಯೇ?

"ವಿಡಿಯೋ ನಿಂತು ನಿಂತು ಬರುತ್ತಿದೆಯೇ? ಐದು ನಿಮಿಷ ಪಾಜ್ ಮಾಡಿಡಿ, ಪೂರ್ತಿ ಲೋಡ್ ಆಗುತ್ತದೆ." ಈ ಸಲಹೆಯನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಬಫರ್ ಎಂದರೇನು?

ಸ್ಟ್ರೀಮಿಂಗ್ ಆ್ಯಪ್‌ಗಳು ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ತರಿಸಿಕೊಳ್ಳುತ್ತವೆ. ಮುಂದೆ ಬೇಕಾಗುವ ತುಣುಕುಗಳನ್ನು ಫೋನಿನಲ್ಲಿ ಕೂಡಿಡುವ ಜಾಗವೇ ಬಫರ್. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ತುಂಬುವುದಕ್ಕಿಂತ ಬೇಗ ಖಾಲಿಯಾದರೆ ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಚಕ್ರ ತಿರುಗತೊಡಗುತ್ತದೆ.

ಬೇಗ ಶುರುವಾಗಬೇಕೇ, ನಿಲ್ಲದೆ ಓಡಬೇಕೇ?

ಒಂದು ಲೆಕ್ಕ ನೋಡಿ. 1 ನಿಮಿಷದ ವಿಡಿಯೋಗೆ ಸೆಕೆಂಡಿಗೆ 2 ಮೆಗಾಬಿಟ್ ಬೇಕು, ನಿಮ್ಮ ನೆಟ್ ಕೊಡುವುದು 1.5 ಮಾತ್ರ ಎಂದುಕೊಳ್ಳಿ. ಒಟ್ಟು 120 ಮೆಗಾಬಿಟ್ ಬರಲು 80 ಸೆಕೆಂಡು ಹಿಡಿಯುತ್ತದೆ. ಹೆಚ್ಚುವರಿ 20 ಸೆಕೆಂಡನ್ನು ಮೊದಲೇ ಕಾಯಬೇಕು, ಇಲ್ಲವೇ ನಡುನಡುವೆ ಕಾಯಬೇಕು.

ನೋಡುಗರಿಗೆ ಎರಡೂ ಬೇಡ. ಷಣ್ಮುಗ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಸುಮಾರು 2.3 ಕೋಟಿ ವೀಕ್ಷಣೆಗಳನ್ನು ಪರಿಶೀಲಿಸಿತ್ತು. ಆರಂಭಕ್ಕೆ 2 ಸೆಕೆಂಡಿಗಿಂತ ಹೆಚ್ಚು ತಡವಾದರೆ ಜನ ವಿಡಿಯೋ ಬಿಟ್ಟು ಹೋಗತೊಡಗುತ್ತಾರೆ, ನಡುವೆ ನಿಂತರೆ ನೋಡುವ ಸಮಯವೂ ಕಡಿಮೆಯಾಗುತ್ತದೆ ಎಂದು ಅದು ಕಂಡುಕೊಂಡಿತು.

ಹಾಗಾಗಿ ಆ್ಯಪ್‌ಗಳು ಮೂರನೆಯ ದಾರಿ ಹಿಡಿದಿವೆ. ಒಂದೇ ವಿಡಿಯೋವನ್ನು ಹಲವು ಗುಣಮಟ್ಟಗಳಲ್ಲಿ ಇಟ್ಟುಕೊಂಡು, ನೆಟ್ ವೇಗಕ್ಕೆ ತಕ್ಕಂತೆ ಬದಲಿಸುತ್ತವೆ. ಮೊದಲ ಕೆಲವು ಸೆಕೆಂಡು ಚಿತ್ರ ಮಸುಕಾಗಿ ಕಾಣುವುದು ಹಲವು ಬಾರಿ ಇದರಿಂದಲೇ. ಫೋನ್ ಕೆಟ್ಟಿದೆ ಎಂದಲ್ಲ.

ಹಾಗಾದರೆ ಪಾಜ್ ಮಾಡಿದರೆ?

ಸ್ವಲ್ಪ ಹೊತ್ತು ಬಫರ್ ತುಂಬುತ್ತದೆ. ಆದರೆ ಹೆಚ್ಚಿನ ಆ್ಯಪ್‌ಗಳು ಒಂದು ಮಿತಿ ಮುಟ್ಟಿದ ಮೇಲೆ ತರಿಸುವುದನ್ನು ನಿಲ್ಲಿಸುತ್ತವೆ. ನೀವು ಅರ್ಧಕ್ಕೇ ಎದ್ದುಹೋದರೆ ಅಷ್ಟೂ ಡೇಟಾ ದಂಡ. ಇನ್ನು ನೇರಪ್ರಸಾರದ ಕ್ರಿಕೆಟ್‌ನಲ್ಲಿ ಮುಂದಿನ ಚೆಂಡನ್ನು ಎಸೆದೇ ಇರುವುದಿಲ್ಲ, ಕೂಡಿಡುವುದಾದರೂ ಏನನ್ನು? ಪ್ರಸಾರವನ್ನೇ ತುಸು ಹಿಂದೆ ಓಡಿಸಬೇಕು. ಪಕ್ಕದ ಮನೆಯ ಟಿವಿ ಮುಂದೆ ಸಿಕ್ಸರ್ ಸಂಭ್ರಮ ಮುಗಿದ ಮೇಲೆ ನಿಮ್ಮ ಮೊಬೈಲಿನಲ್ಲಿ ಬೌಲರ್ ಓಡಿ ಬರುವುದಕ್ಕೆ ಇದೂ ಒಂದು ಕಾರಣ.

ಏನು ಮಾಡಬಹುದು?

* ಗುಣಮಟ್ಟವನ್ನು 'ಆಟೋ'ದಲ್ಲಿ ಬಿಡಿ. ಆಗಲೂ ನಿಂತರೆ 360 ಅಥವಾ 240ಕ್ಕೆ ಇಳಿಸಿ. ಡೇಟಾ ಕೂಡ ಉಳಿಯುತ್ತದೆ.
* ಸಿಗ್ನಲ್ ಇಲ್ಲದ ಕಡೆ ಪ್ರಯಾಣವಿದ್ದರೆ, ಆ್ಯಪ್‌ನಲ್ಲೇ ಡೌನ್‌ಲೋಡ್ ಸೌಲಭ್ಯವಿದ್ದಲ್ಲಿ ವೈಫೈನಲ್ಲಿ ಮೊದಲೇ ಇಳಿಸಿಕೊಳ್ಳಿ.
* 'ನೆಟ್ ಸ್ಪೀಡ್ ಹೆಚ್ಚಿಸುವ ಆ್ಯಪ್' ಎಂಬ ಲಿಂಕ್ ಬಂದರೆ ಒತ್ತಬೇಡಿ, ಯಾರಿಗೂ ಕಳಿಸಬೇಡಿ. ನಿಮ್ಮ ಟವರ್‌ನ ಸಾಮರ್ಥ್ಯವನ್ನು ಫೋನಿನೊಳಗಿನ ಆ್ಯಪ್ ಹೆಚ್ಚಿಸಲಾರದು. ನಿಮ್ಮ ಮಾಹಿತಿ ಕದಿಯುವ ಅಪಾಯ ಮಾತ್ರ ಇದ್ದೇ ಇದೆ.