ಹೇಳಲಾಗದ ಭಯವನ್ನು ಅಳೆಯುವುದು ಹೇಗೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಪ್ರಶ್ನೆ ಬರೆದು ಕಳಿಸಿದ್ದಾಳೆ: "ಸಾರ್, ಆಟಿಸಂ ಇರುವ ಮಗು ಕಿರುಚಿದಾಗ ಅದು ಹಠವೋ ಭಯವೋ ಎಂದು ತಿಳಿಯುವುದು ಹೇಗೆ?" ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆಗೊಂದು ಇತಿಹಾಸವಿದೆ. ಅದನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳಬೇಕೆನಿಸಿತು.

1938ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ವಕೀಲರೊಬ್ಬರು ತಮ್ಮ ಮಗ ಡೊನಾಲ್ಡ್ ಟ್ರಿಪ್ಲೆಟ್‌ನ ನಡವಳಿಕೆಯನ್ನು ವಿವರಿಸಿ, ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಪತ್ರ ಬರೆದರು. 1943ರಲ್ಲಿ ಕ್ಯಾನರ್ ಡೊನಾಲ್ಡ್‌ನೂ ಸೇರಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆಟಿಸಂ ಕುರಿತ ಆ ಪ್ರಸಿದ್ಧ ಲೇಖನದಲ್ಲಿಯೇ ಭಯದ ಪ್ರಸ್ತಾಪವಿದೆ. ಕಸ ಹೀರುವ ಯಂತ್ರ, ಲಿಫ್ಟು, ಹರಿಯುವ ನೀರು, ಕೆಲವೊಮ್ಮೆ ಬೀಸುವ ಗಾಳಿ ಕೂಡ ಈ ಮಕ್ಕಳನ್ನು ತಲ್ಲಣಗೊಳಿಸುತ್ತಿದ್ದವು. ಎಲ್ಲವೂ ಇದ್ದಂತೆಯೇ ಇರಬೇಕೆಂಬ ಅವರ ಹಂಬಲದ ಹಿಂದೆಯೂ ಕ್ಯಾನರ್ ಆತಂಕವನ್ನು ಗುರುತಿಸಿದ್ದರು.

ಹೀಗೆ ಮೊದಲೇ ಕಂಡಿದ್ದ ಭಯವನ್ನು ಅಳೆಯುವ ಪ್ರಯತ್ನ ಮಾತ್ರ ಬಹಳ ತಡವಾಯಿತು. ನಡುವಿನ ದಶಕಗಳಲ್ಲಿ ಅನೇಕ ತಜ್ಞರು ತಾಯಂದಿರ ಮಮತೆಯನ್ನೇ ಶಂಕಿಸಿದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕ ಈ ಅಪವಾದಕ್ಕೆ ಬಲ ತುಂಬಿತು. ಸ್ವತಃ ಆಟಿಸಂ ಇದ್ದ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಅದನ್ನು ಖಂಡಿಸಿದ್ದರು. ಭಯವೆಂಬುದು ಆಟಿಸಂನ ಒಂದು ಅಂಗವೇ ಹೊರತು ಪ್ರತ್ಯೇಕವಾಗಿ ಗಮನಿಸಬೇಕಾದುದಲ್ಲ ಎಂಬ ಭಾವನೆಯೂ ಬಲವಾಗಿತ್ತು.

1990ರ ದಶಕದ ಕೊನೆಗೆ ಮಕ್ಕಳ ಆತಂಕವನ್ನು ಅಳೆಯುವ ಒಳ್ಳೆಯ ಪ್ರಶ್ನಾವಳಿಗಳು ಬಂದವು. ಆಸ್ಟ್ರೇಲಿಯಾದ ಸೂಸನ್ ಸ್ಪೆನ್ಸ್ ಅವರದು ಅವುಗಳಲ್ಲೊಂದು. ಆದರೆ ಅವು ಸಾಮಾನ್ಯ ಮಕ್ಕಳಿಗಾಗಿ ರೂಪಿಸಿದವು. ಶಿಕ್ಷಕರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಕನ್ನಡ ಓದಲು ತಿಣುಕುವ ಹುಡುಗನಿಗೆ ಗಣಿತದ ಲೆಕ್ಕವನ್ನು ದೀರ್ಘ ವಾಕ್ಯಗಳಲ್ಲಿ ಕೊಟ್ಟರೆ, ನಾವು ಅಳೆಯುವುದು ಗಣಿತವನ್ನಲ್ಲ. ಹಾಗೆಯೇ, ತನ್ನ ಭಾವನೆಗೆ ಹೆಸರಿಡಲಾಗದ ಮಗು "ನನಗೆ ಚಿಂತೆಯಿಲ್ಲ" ಎಂದರೆ ಚಿಂತೆ ಇಲ್ಲವೆಂದಾಗದು. ಜನರಿಂದ ದೂರ ನಿಲ್ಲುವ ಮಗು ಅಪಹಾಸ್ಯಕ್ಕೆ ಅಂಜಿಯೇ ನಿಂತಿದೆ ಎನ್ನಲೂ ಆಗದು.

2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 31 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು 40 ಶೇಕಡಾ ಮಂದಿಗೆ ಆತಂಕದ ಕಾಯಿಲೆಯೂ ಇದೆಯೆಂದು ತೋರಿಸಿತು. 2016ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಜಾಕಿ ರಾಜರ್ಸ್ ಮತ್ತು ಸಂಗಡಿಗರು ಇಂಥ ಮಕ್ಕಳಿಗೆಂದೇ 24 ಅಂಶಗಳ ಮಾಪಕವನ್ನು ಪ್ರಕಟಿಸಿದರು. ಮುಂದೇನಾಗುವುದೋ ಎಂಬ ಅನಿಶ್ಚಿತತೆಯ ಭಯಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಮಗುವಿಗೊಂದು, ಪೋಷಕರಿಗೊಂದು ಎಂದು ಎರಡು ಪ್ರತಿಗಳಿವೆ.

ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ರೂಪಿಸಿದ ಐಎಸ್ಎಎ ಮಾಪಕದಲ್ಲಿ 40 ಅಂಶಗಳಿವೆ. ಮೇಲ್ನೋಟಕ್ಕೆ ಕಾರಣವಿಲ್ಲದೆ ಮಗು ಉದ್ರೇಕಗೊಳ್ಳುವುದೇ ಎಂಬುದು ಅವುಗಳಲ್ಲೊಂದು. ಕಾರಣ ನಮಗೆ ಕಾಣದಿರಬಹುದು. ಮಗುವಿಗೆ ಅದು ಎದುರಿಗೇ ಇರಬಹುದು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಇಂಥ ಮಗು ನಿಮ್ಮ ತರಗತಿಯಲ್ಲಿದ್ದರೆ, ಅದು ಕಿರುಚುವ ಮುನ್ನ ಏನಾಯಿತು, ಯಾವ ಸದ್ದು ಕೇಳಿತು, ವೇಳಾಪಟ್ಟಿಯಲ್ಲಿ ಯಾವ ಬದಲಾವಣೆಯಾಯಿತು ಎಂದು ದಿನಾಂಕ ಸಹಿತ ಬರೆದಿಡಿ. ಮಾತು ಬಾರದಿದ್ದರೆ ಚಿತ್ರ ತೋರಿಸಿ ಕೇಳಿ. ತಜ್ಞರಲ್ಲಿಗೆ ಹೋಗುವಾಗ ತಂದೆತಾಯಿಯರ ಕೈಗೆ ಆ ಟಿಪ್ಪಣಿಯನ್ನು ಕೊಡಿ. ಕ್ಯಾನರ್ ಅವರಿಗೂ ಮೊದಲು ದೊರೆತದ್ದು ಒಬ್ಬ ತಂದೆ ತಾಳ್ಮೆಯಿಂದ ನೋಡಿ ಬರೆದ 33 ಪುಟಗಳೇ.